‘ಹೋಗಿದ್ದೆ’ ಎಂಬ ಕ್ರಿಯಾಪದ

ನಮ್ಮ ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು 1950ರ ದಶಕದ ತಮ್ಮ ಯುರೋಪು ಪ್ರವಾಸದ ಗ್ರಂಥಕ್ಕೆ ‘ಅಪೂರ್ವ ಪಶ್ಚಿಮ’ವೆಂದು ಹೆಸರಿಟ್ಟರು. ಶ್ಲೇಷವು ರಮ್ಯವಾದುದು: ಹಿಂದೆ ಕಾಣದುದು ಎಂದೂ ಪೂರ್ವವಲ್ಲದುದು ಎಂದೂ ಅರ್ಥವಾಗುವುದು. ನೋಡಿ ಬರುವವನಿಗೆ ಒಪ್ಪುವ ಹೆಸರು. ಹೊನ್ನಾವರದ ಕೃಷ್ಣಾನಂದ ಕಾಮತರಾದರೋ ಅಮೆರಿಕೆಯಲ್ಲಿ ವಿದ್ಯಾರ್ಥಿಯಾಗಿದ್ದವರು. ಅವರ 1969ರ ಪುಸ್ತಕವು ‘ನಾನೂ ಅಮೆರಿಕೆಗೆ ಹೋಗಿದ್ದೆ’. ‘ನಾನೂ’ ಎಂಬಲ್ಲಿಯ ಸಮುಚ್ಚಯದಲ್ಲಿ ವಿನಯವೂ ಹಾಸ್ಯವೂ ಇವೆ. ಆದರೆ ಈ ಮುದಿ ಉಪಾಧ್ಯಾಯನ ಗಮನವು ನಿಂತುದು ಕ್ರಿಯಾಪದದಲ್ಲಿ. ‘ಹೋಗಿದ್ದೆ’ ಎನ್ನುವವನು ಮರಳಿ ಬಂದಿರಲೇಬೇಕಷ್ಟೆ.

ಇಂದು ಸುಳ್ಯ, ಕಡಬಗಳ ಅಡಕೆ ತೋಟದ ಮನೆಗಳಿಂದ ಅಲ್ಲಿಗೆ ಓದಲು ಹೋದ ಮಕ್ಕಳಿಗೆ ಈ ಪದವು ಸುಲಭವಾಗಿ ದಕ್ಕದು. ನನ್ನ ಮೊಮ್ಮಗನನ್ನೇ ನೋಡಿರಿ. ಪಾಠಗಳ ನಡುವೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ದುಡಿಮೆ. ಅದೂ ವಾರಕ್ಕೆ 20 ಗಂಟೆ ಮೀರಕೂಡದು. ವೀಸಾದ ಅವಧಿ ತೀರಿದೆ. ಓದು ಕ್ರಮವಾಗಿ ನಡೆಯುವವರೆಗೆ ಅಲ್ಲಿರಲು ಅಡ್ಡಿಯಿಲ್ಲ. ಊರಿಗೆ ಬಂದರೆ ಮಾತ್ರ ಹೊಸ ವೀಸಾ ದೊರೆಯದೆ ಹಿಂದಿರುಗುವಂತಿಲ್ಲ. ದೊರೆಯದಿದ್ದರೆ ಅರ್ಧ ಓದಿದ ವಿದ್ಯೆಯ ಗತಿಯೇನು? (ತರ್ಕಪಾಠದಲ್ಲಿಯೂ ಇಂತಹ ತೊಡಕನ್ನು ನಾನು ಕಂಡಿರಲಿಲ್ಲ.) ಅಜ್ಜಿಯ ಉತ್ತರಕ್ರಿಯೆಗೂ ಅವನು ಬರಲಿಲ್ಲ. ‘ಹೋಗಿದ್ದೆ’ ಎನ್ನಲು ಮರಳಿಲ್ಲ, ‘ನೆಲಸಿದೆ’ ಎನ್ನಲು ಅಪ್ಪಣೆಯಿಲ್ಲ.

ನಮ್ಮ ಪ್ರವಾಸ ಸಾಹಿತ್ಯವು ಅತಿಥಿಯ ಕಣ್ಣನ್ನು ಚೆನ್ನಾಗಿ ಬಲ್ಲುದು. ಕಾಗದಪತ್ರಗಳ ಕಾವಲಿನ ಈ ಬದುಕಿಗೆ ಅದರ ಭೂತಕಾಲವು ಸಾಲದು. ಉತ್ತರಕ್ರಿಯೆಯ ದಿನ ಮೊಮ್ಮಗನು ಬರೆದು ಕಳುಹಿಸಿದ ಅರ್ಧ ಪುಟವು ನನ್ನಲ್ಲಿದೆ. ಭಾಷೆ ಒರಟು, ಎರಡು ಕಡೆ ಕಾಗುಣಿತ ತಪ್ಪಿದೆ. ತಿದ್ದಲು ಲೇಖನಿಯನ್ನು ತೆಗೆದವನು ಹಾಗೆಯೇ ಇಟ್ಟೆನು.