ಜೀಪಿನ ಡಿಸ್ಕಿಗೆ ಬಣ್ಣ: ಒಳಮೈ ಮೊದಲು

ಮಲೆನಾಡಿನಲ್ಲಿ ಜೀಪು ಇಟ್ಟುಕೊಂಡವರು ಟೈರಿನ ವಿಷಯದಲ್ಲಿ ಕೈ ಬಿಗಿ ಹಿಡಿಯುವುದಿಲ್ಲ. ಯಾವ ಕಂಪನಿಯ ಮಡ್ ಟೈರು, ಹಲ್ಲು ಎಷ್ಟು ಆಳ, ಕೆಸರನ್ನು ಹೇಗೆ ಕಕ್ಕುತ್ತದೆ ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ಆ ಟೈರನ್ನು ಹೊತ್ತ ಕಬ್ಬಿಣದ ಡಿಸ್ಕಿಗೆ ಮಾತ್ರ ಆಯುಧಪೂಜೆಯ ಹಿಂದಿನ ಸಂಜೆ ಒಂದು ಕೈ ಸಿಲ್ವರ್ ಪೇಂಟು, ಅದೂ ತುಕ್ಕಿನ ಮೇಲೆಯೇ. ಪೂಜೆಯ ದಿನ ಮಿರಮಿರ ಮಿಂಚಿದ ಆ ಬಣ್ಣ ಮುಂದಿನ ಮಳೆಗಾಲದ ಹೊತ್ತಿಗೆ ಹಪ್ಪಳದ ಹಾಗೆ ಎದ್ದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅಡಿಯಿಂದ ಉಬ್ಬುತ್ತ ಬಂದು ಮೇಲಿನ ಪದರವನ್ನು ಎತ್ತಿ ಬಿಸಾಡುತ್ತದೆ.

ಡಿಸ್ಕನ್ನು ಬಿಚ್ಚಿ, ಮಗುಚಿ ಹಾಕಿ ಒಳಮೈ ನೋಡಬೇಕು. ಕಬ್ಬಿಣದ ಚಕ್ರದಲ್ಲಿ ಎರಡು ತುಂಡುಗಳಿವೆ. ಟೈರು ಕೂರುವ ಬಳೆ ಒಂದು, ನಟ್ಟು ಬಿಗಿಯುವ ನಡುವಿನ ತಟ್ಟೆ ಇನ್ನೊಂದು. ಎರಡನ್ನೂ ಸುತ್ತ ಅಲ್ಲಲ್ಲಿ ವೆಲ್ಡಿಂಗ್‌ನಿಂದ ಬೆಸೆದಿರುತ್ತಾರೆ. ಬೆಸುಗೆ ಇಲ್ಲದ ಕಡೆ ತಟ್ಟೆಗೂ ಬಳೆಗೂ ಮಧ್ಯೆ ಉಗುರು ತೂರುವಷ್ಟು ಸಂದು. ಕಾಫಿ ತೋಟದ ಕೆಂಪು ಕೆಸರು ಹೋಗಿ ಕೂರುವುದು ಅಲ್ಲಿಯೇ. ಮೇಲಿನ ಕೆಸರು ಒಣಗಿ ಉದುರಿದರೂ ಸಂದಿನದು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹಳೆಯ ಸ್ಕ್ರೂಡ್ರೈವರ್ ತುದಿಯಿಂದ ಕೆದಕಿ ನೋಡಿ. ಮೊದಲು ಮಣ್ಣು, ಆಮೇಲೆ ಪದರ ಪದರವಾಗಿ ಕಂದು ಚಕ್ಕೆ, ಕಡೆಗೆ ಗಟ್ಟಿ ಲೋಹ ಸಿಗಬೇಕು. ಸ್ಕ್ರೂಡ್ರೈವರ್ ಇಳಿಯುತ್ತಲೇ ಹೋದರೆ ಆ ಡಿಸ್ಕಿನ ಆಯಸ್ಸು ಮುಗಿಯಿತು, ಅದಕ್ಕೆ ಬಣ್ಣ ಬೇಡ. ನಟ್ಟಿನ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಕಂಡರೂ ಅದೇ ತೀರ್ಮಾನ. ವೆಲ್ಡಿಂಗ್ ಹಾಕಿಸಿ ಓಡಿಸುವವರಿದ್ದಾರೆ. ಘಾಟಿಯ ಇಳಿಜಾರಿನಲ್ಲಿ ನಾನಂತೂ ಆ ಜೀಪು ಹತ್ತುವುದಿಲ್ಲ.

ಒಳ್ಳೆಯ ಹಳೆ ಡಿಸ್ಕು ಹುಡುಕುವುದು ಕಷ್ಟವಲ್ಲ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದ ಮೇಲೆ ಐದು ಬೋಲ್ಟುಗಳ ವೃತ್ತದ ಅಳತೆ ದಶಕಗಳ ಕಾಲ ಐದೂವರೆ ಇಂಚು, ಅಂದರೆ 139.7 ಮಿ.ಮೀ. ಆಗಿಯೇ ಉಳಿಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಅದೇ ಅಳತೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಸಣ್ಣ ಊರುಗಳ ಗುಜರಿಯವರೆಗೆ ಈ ಡಿಸ್ಕುಗಳು ಕೈಯಿಂದ ಕೈಗೆ ಓಡಾಡುತ್ತಿರುವುದು ಅದಕ್ಕೇ. ಬೋಲ್ಟು ಕೂತರೆ ಸಾಲದು. ನಡುವಿನ ತೂತು, ಒಳಹೊರಗಿನ ಚಾಚು (ಆಫ್‌ಸೆಟ್) ಸರಿಯಿದೆಯೇ ಎಂದು ತೊಡಿಸಿ ನೋಡಿಯೇ ಕೊಳ್ಳಬೇಕು. ಹಳೆಯ ವಿಲ್ಲಿಸ್ ಗಾಡಿಯವರಿಗೆ ಎರಡು ಮಾತು. ಎಡಗಡೆಯ ಚಕ್ರಗಳ ನಟ್ಟು ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದಿರಬಹುದು, ಸ್ಪ್ಯಾನರಿನ ಮೇಲೆ ನಿಂತು ಸ್ಟಡ್ ಮುರಿಯಬೇಡಿ. ಇನ್ನು ಮಿಲಿಟರಿ ಜೀಪಿನ ಎರಡು ಹೋಳುಗಳ ಡಿಸ್ಕಾದರೆ, ಗಾಳಿ ಪೂರ್ತಿ ಬಿಡದೆ ಹೋಳು ಜೋಡಿಸಿದ ಬೋಲ್ಟುಗಳನ್ನು ಮುಟ್ಟಲೇಬಾರದು. ಅದು ಜೀವ ತೆಗೆಯುವ ಕೆಲಸ.

ಈ ಕೆಲಸಕ್ಕೆ ಕಾಲ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಮಳೆಗಾಲದಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಮತ್ತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ತೇವಕ್ಕೆ ಸ್ಪ್ರೇ ಮಾಡಿದ ಬಣ್ಣವೂ ಮಂಕು ಹಿಡಿಯುತ್ತದೆ. ಒಣ ದಿನಗಳಲ್ಲೂ ಬೆಳಗಿನ ಮಂಜು ಆರಿದ ಮೇಲೆ ಶುರು ಮಾಡಿ ಬಿಸಿಲು ಇಳಿಯುವ ಮೊದಲು ಮುಗಿಸುವುದು ಲೇಸು. ಜೀಪನ್ನು ಜಾಕಿಯ ಮೇಲೆಯೇ ಬಿಡದೆ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ, ಪಂಕ್ಚರ್ ಅಂಗಡಿಯಲ್ಲಿ ಟೈರು ಕಳಚಿಸಿ ತನ್ನಿ. ಟೈರು ಕಳಚುವ ಅನುಕೂಲವಿಲ್ಲದಿದ್ದರೆ ಸ್ವಲ್ಪ ಗಾಳಿ ಬಿಟ್ಟು, ಟೈರಿಗೂ ಅಂಚಿಗೂ ನಡುವೆ ಹಳೆಯ ಲಗ್ನಪತ್ರಿಕೆಗಳನ್ನು ಸಾಲಾಗಿ ಸಿಕ್ಕಿಸಿದರೆ ರಬ್ಬರಿಗೆ ಬಣ್ಣ ತಾಗುವುದಿಲ್ಲ. ಆದರೆ ಆಗ ಟೈರಿನೊಳಗಿನ ತುಕ್ಕು ಹಾಗೆಯೇ ಉಳಿಯುತ್ತದೆ. ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುವುದು, ಟ್ಯೂಬ್‌ಲೆಸ್ ಆದರೆ ಅಂಚಿನಿಂದ ಗಾಳಿ ಸೋರಿಸುವುದು ಆ ತುಕ್ಕೇ.

ಮೊದಲು ಸೋಪಿನ ನೀರಿನಲ್ಲಿ ತೊಳೆದು, ಥಿನ್ನರ್ ಬಟ್ಟೆಯಲ್ಲಿ ಗ್ರೀಸು ಒರೆಸಬೇಕು. ಗ್ರೀಸಿನ ಮೇಲೆ ಉಜ್ಜಿದರೆ ಅದು ಮೈಗೆಲ್ಲ ಹರಡುತ್ತದೆ. ಆಮೇಲೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಸಡಿಲ ಬಣ್ಣ, ಚಕ್ಕೆ ತೆಗೆಯಿರಿ. ತಂತಿ ಚೂರು ಹಾರುತ್ತದೆ, ಕನ್ನಡಕ ಬೇಕೇ ಬೇಕು. ಹಳೆಯ ಜೀಪುಗಳ ಬಣ್ಣದಲ್ಲಿ ಸೀಸವಿರುವ ಸಂಭವವಿದೆ. ಮೂಗಿಗೆ ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಟ್ಟು, ಆದಷ್ಟೂ ವಾಟರ್ ಪೇಪರಿನಿಂದ ಒದ್ದೆಯಾಗಿ ಉಜ್ಜುವುದು ಕ್ಷೇಮ. 80ನೇ ನಂಬರಿನಿಂದ ಹಿಡಿದು 220ಕ್ಕೆ ಬಂದರೆ ಸಾಕು, ಪ್ರೈಮರಿಗೆ ಕಚ್ಚಿ ಹಿಡಿಯಲು ಗೀರು ಬೇಕು. ಹಳ್ಳಗಳ ತಳದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಒಣಗಿಸಿ. ಬಚ್ಚಲು ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆಂದು ಸುರಿಯುವುದುಂಟು. ಸಂದಿನಲ್ಲಿ ಉಳಿದ ಅದರ ಕ್ಲೋರೈಡು ಮತ್ತೆ ತುಕ್ಕು ಹುಟ್ಟಿಸುತ್ತದೆ. ಹಳ್ಳ ತುಂಬಲು ಪಟ್ಟಿ, ಅಂದರೆ ಪುಟ್ಟಿ, ಮೆತ್ತುವುದೂ ಬೇಡ. ಚಕ್ರ ಬಾಗಿ ಬಳುಕುವ ವಸ್ತು, ಪಟ್ಟಿ ಬಿರಿದು ಉದುರುತ್ತದೆ, ಕೆಳಗೆ ಬಿರುಕಿದ್ದರೆ ಅದನ್ನೂ ಮುಚ್ಚಿಡುತ್ತದೆ.

ಪ್ರೈಮರ್ ಅದೇ ದಿನ ಬೀಳಬೇಕು. ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ರೆಡ್ ಆಕ್ಸೈಡ್ ಗೇಟಿಗೂ ಗ್ರಿಲ್ಲಿಗೂ ಸಾಕು. ನೀರಲ್ಲೇ ಓಡುವ ಚಕ್ರಕ್ಕೆ ಹಾರ್ಡನರ್ ಬೆರೆಸುವ ಎಪಾಕ್ಸಿ ಪ್ರೈಮರ್ ಉತ್ತಮ. ಅದು ನೀರನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಸಂದಿಗೆ ಮೊದಲು ಸಣ್ಣ ಬ್ರಷ್‌ನಿಂದ ತಿದ್ದಿ ತಿದ್ದಿ ತುಂಬಿಸಿ, ಆಮೇಲೆ ಉಳಿದ ಮೈಗೆ ಹೊರಳಿ. ನಟ್ಟಿನ ತೂತಿನ ಇಳಿಜಾರು ಅಂಚಿಗೆ, ಡ್ರಮ್ಮಿಗೆ ಒತ್ತಿ ಕೂರುವ ಹಿಂಬದಿಗೆ ದಪ್ಪ ಬಣ್ಣ ಬೀಳಬಾರದು. ಓಡುತ್ತ ಓಡುತ್ತ ಅಲ್ಲಿನ ಬಣ್ಣ ಜಜ್ಜಿ ತೆಳುವಾಗಿ ನಟ್ಟು ಸಡಿಲುತ್ತದೆ. ತೂತಿಗೊಂದರಂತೆ ದೊಡ್ಡ ಗೋಲಿ ಇಟ್ಟು ಸ್ಪ್ರೇ ಮಾಡಿದರೆ ಆ ಅಂಚು ಸ್ವಚ್ಛವಾಗಿ ಉಳಿಯುತ್ತದೆ. ಹಿಂಬದಿಗೆ ಒಂದು ತೆಳು ಪ್ರೈಮರ್ ಸಾಕು.

ಈಗ ಎಲ್ಲರಿಗೂ ಮ್ಯಾಟ್ ಕಪ್ಪು ಬೇಕು. ನನ್ನ ಆಯ್ಕೆ ಹಳೆಯ ಸಿಲ್ವರ್, ಇಲ್ಲವೇ ಕೆನೆ ಬಿಳಿ. ತಿಳಿ ಬಣ್ಣದ ಮೇಲೆ ಬಿರುಕಿನಿಂದ ಇಳಿದ ತುಕ್ಕಿನ ಗೆರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಕಪ್ಪು ಅದನ್ನು ನುಂಗಿಬಿಡುತ್ತದೆ. ಸಿಲ್ವರ್ ಪೇಂಟಿನ ಅಲ್ಯೂಮಿನಿಯಂ ಚೂರುಗಳು ಒಂದರ ಮೇಲೊಂದು ಒರಗಿ ಕೂತು ತೇವವನ್ನು ತಡೆಯುವುದೂ ನಿಜ. ಎನಾಮೆಲ್ ಸ್ಪ್ರೇ ಡಬ್ಬಿಯನ್ನು ಗೇಣು ದೂರ ಹಿಡಿದು ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ. ಹಳೆಯ ಎನಾಮೆಲ್ ಉಳಿದ ಜಾಗದ ಮೇಲೆ ಡ್ಯೂಕೊ ಲ್ಯಾಕರ್ ಹೊಡೆದರೆ ಸುಕ್ಕುಗಟ್ಟುತ್ತದೆ, ಮೂಲೆಯಲ್ಲಿ ಪರೀಕ್ಷಿಸಿ. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದ ಹೊಗೆ ಸಾಮಾನ್ಯ ಮಾಸ್ಕಿಗೆ ನಿಲ್ಲುವುದಿಲ್ಲ, ಅದು ಮನೆಯ ಕೆಲಸವಲ್ಲ. ಅಲಾಯ್ ಚಕ್ರದವರು ತಂತಿ ಬ್ರಷ್ ಮುಟ್ಟಲೇಬೇಡಿ. ಕಬ್ಬಿಣದ ಕಣ ಅಲ್ಯೂಮಿನಿಯಂಗೆ ನಾಟಿದರೆ ಹೊಸ ಕಾಟ ಶುರುವಾಗುತ್ತದೆ. ಅದಕ್ಕೆ ಬೇಕಾದ ಪ್ರೈಮರೂ ಬೇರೆ.

ಪೌಡರ್ ಕೋಟಿಂಗ್ ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸಿದ ಆ ಪದರ ಗಟ್ಟಿ, ನೋಡಲೂ ಚೆಂದ. ರಸ್ತೆಯಲ್ಲೇ ಓಡುವ ಗಾಡಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೊಡಗಿನ ಮಾಂದಲಪಟ್ಟಿಯ ಕಲ್ಲುಗಳಿಗೆ ದಿನವೂ ಅಂಚು ಉಜ್ಜುವ ಜೀಪಿನಲ್ಲಿ ಅದು ಎಲ್ಲೋ ಒಂದು ಕಡೆ ಒಡೆದೇ ಒಡೆಯುತ್ತದೆ. ಆ ಬಾಯಿಂದ ನೀರು ಅಡಿಗೆ ನುಗ್ಗಿ, ಮೇಲೆ ಏನೂ ಕಾಣದೆಯೇ ತುಕ್ಕು ಹರಡುತ್ತದೆ. ತಿದ್ದಬೇಕೆಂದರೆ ಪೂರ್ತಿ ಸುಲಿದು ಮತ್ತೆ ಒಲೆಗೆ ಹಾಕಬೇಕು. ಎನಾಮೆಲ್ ಮೆತ್ತಗಿನ ಬಣ್ಣ, ಬೇಗ ಗೀರು ಬೀಳುತ್ತದೆ, ಒಪ್ಪಿದೆ. ಆ ಗೀರಿಗೆ ಭಾನುವಾರ ಬೆಳಗ್ಗೆ ಪೇಪರು ಉಜ್ಜಿ, ಪ್ರೈಮರ್ ಮುಟ್ಟಿಸಿ, ಅದೇ ಡಬ್ಬಿಯಿಂದ ತಿದ್ದಬಹುದು. ಹೊಸ ಬಣ್ಣ ಒಂದು ವಾರ ಗಟ್ಟಿಯಾಗಲಿ, ಆಮೇಲೆ ಟೈರು ಹಾಕಿಸಿ. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಉಳಿದ ಬಣ್ಣದ ಮುಚ್ಚಳ ಭದ್ರ ಮಾಡಿ ಎತ್ತಿಡಿ, ಜೂನಿಗೆ ಮೊದಲು ಬೇಕಾಗುತ್ತದೆ.