ಕೊನೆಯ ಕಾವಲಿನಲ್ಲಿ ಹುಟ್ಟಿದ ದಾಳಿ

ರಗ್ಬಿಯಲ್ಲಿ 15ನೇ ನಂಬರಿನ ಫುಲ್‌ಬ್ಯಾಕ್ ತಂಡದ ಕೊನೆಯ ಕಾವಲು. ಎದುರಾಳಿ ಒದ್ದ ಚೆಂಡನ್ನು ಹಿಡಿಯುವುದು, ಅಪಾಯವೆನಿಸಿದರೆ ಮೈದಾನದ ಪಕ್ಕದ ಗೆರೆಯಾಚೆ ಒದೆಯುವುದು ಅವನ ಪಾಲಿನ ಕೆಲಸ. ಫ್ರಾನ್ಸಿನ ಸೆರ್ಜ್ ಬ್ಲಾಂಕೊ ಅಲ್ಲಿಂದಲೇ ದಾಳಿಗಿಳಿದರು. 1980ರಿಂದ 1991ರವರೆಗೆ 93 ಟೆಸ್ಟ್, 38 ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು). ಕೆಲವು ಪಂದ್ಯಗಳನ್ನು ಅಂಚಿನ ವಿಂಗ್ ಸ್ಥಾನದಲ್ಲಿ ಆಡಿದ್ದರೆಂದು ಒಪ್ಪಿಕೊಂಡರೂ ಲೆಕ್ಕ ಬೆರಗು ಹುಟ್ಟಿಸುತ್ತದೆ. ಆದರೆ ಅವರ ಹಿರಿಮೆ ಟ್ರೈಗಳ ಎಣಿಕೆಗಿಂತ ಅವು ಹುಟ್ಟಿದ ಜಾಗದಲ್ಲಿದೆ.

1987ರ ಮೊದಲ ವಿಶ್ವಕಪ್‌ನ ಸೆಮಿಫೈನಲ್ ಎಲ್ಲರ ಬಾಯಲ್ಲಿದೆ. ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ 24–24ರ ಸಮಬಲ. ಕೊನೆಯ ಗಳಿಗೆಯಲ್ಲಿ ಹಲವು ಕೈ ದಾಟಿ ಬಂದ ಚೆಂಡನ್ನು ಬ್ಲಾಂಕೊ ಎಡಮೂಲೆಯಲ್ಲಿ ನೆಲಕ್ಕೆ ಮುಟ್ಟಿಸಿದರು. ಫ್ರಾನ್ಸ್ 30–24ರಲ್ಲಿ ಗೆದ್ದಿತು. ಆದರೂ ಅವರ ಆಟದ ಸ್ವಭಾವ ಹೆಚ್ಚು ತಿಳಿಯುವುದು ಅವರು ಸೋತ ಪಂದ್ಯವೊಂದರಲ್ಲಿ. 1991ರಲ್ಲಿ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡಿನ ಪೆನಾಲ್ಟಿ ಗುರಿ ತಪ್ಪಿದಾಗ, ಚೆಂಡು ಫ್ರಾನ್ಸಿನ ಗೋಲ್ ಗೆರೆಯ ಹಿಂದೆ ಇತ್ತು. ಅಲ್ಲಿಯೇ ಅದನ್ನು ನೆಲಕ್ಕೊತ್ತಿ ಆಟ ನಿಲ್ಲಿಸಿ ಸುಮ್ಮನಾಗಬಹುದಿತ್ತು. ಬ್ಲಾಂಕೊ ಓಡಿದರು, ಮೈದಾನದ ಉದ್ದಕ್ಕೂ ಸಾಗಿದ ಆ ದಾಳಿಯನ್ನು ಫಿಲಿಪ್ ಸೇಂಟ್ ಆಂದ್ರೆ ಟ್ರೈ ಆಗಿಸಿದರು. ಪಂದ್ಯ ಮಾತ್ರ 21–19ರಿಂದ ಇಂಗ್ಲೆಂಡಿಗೆ ಹೋಯಿತು.

ಇದನ್ನು ಬರೀ ಹುಂಬತನವೆನ್ನಲಾಗದು. ಎದುರಾಳಿಗಳು ಚದುರಿ ನಿಂತಾಗಲೇ ಖಾಲಿ ಜಾಗ ಸಿಗುತ್ತದೆಂಬ ಲೆಕ್ಕ ಅದರ ಹಿಂದಿತ್ತು. ಫಿಲಿಪ್ ಸೆಲ್ಲಾರಂಥ ಜೊತೆಗಾರರ ಮೇಲಿನ ನಂಬಿಕೆಯೂ ಇತ್ತು. ಆದರೆ ಆವೇಶ ಎಲ್ಲ ಕಡೆ ಒಪ್ಪುವುದಿಲ್ಲ. ಅದೇ ವರ್ಷ ಪ್ಯಾರಿಸ್‌ನ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನಾಯಕ ಬ್ಲಾಂಕೊ ಆರಂಭದಲ್ಲೇ ತಾಳ್ಮೆಗೆಟ್ಟು ಎದುರಾಳಿಯ ಮೇಲೆ ಕೈಮಾಡಿದರು. ತಂಡವನ್ನು ಹತೋಟಿಯಲ್ಲಿಡಬೇಕಾದವರೇ ಹತೋಟಿ ತಪ್ಪಿದ್ದರು. ಫ್ರಾನ್ಸ್ 19–10ರಲ್ಲಿ ಸೋತಿತು. ಅವರ ಅಂತರರಾಷ್ಟ್ರೀಯ ಆಟ ಅಲ್ಲಿಗೇ ಮುಗಿಯಿತು.

ಕ್ಯಾರಕಸ್‌ನಲ್ಲಿ ಹುಟ್ಟಿ ಬಿಯಾರಿಟ್ಜ್‌ನಲ್ಲಿ ಬೆಳೆದ ಅವರು ಆ ಊರಿನ ಕ್ಲಬ್ ಬಿಡಲಿಲ್ಲ. 1992ರ ಫ್ರೆಂಚ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಟೂಲೋನ್ ಎದುರು ಸೋತದ್ದರಿಂದ ಆಟಗಾರನಾಗಿ ಆ ಪ್ರಶಸ್ತಿಯೂ ದಕ್ಕಲಿಲ್ಲ.

ದಾಳಿ ಮಾಡುವ ಫುಲ್‌ಬ್ಯಾಕ್ ಬ್ಲಾಂಕೊ ಅವರ ಆವಿಷ್ಕಾರವಲ್ಲ. 70ರ ದಶಕದಲ್ಲೇ ವೇಲ್ಸ್‌ನ ಜೆ.ಪಿ.ಆರ್. ವಿಲಿಯಮ್ಸ್, ಸ್ಕಾಟ್ಲೆಂಡಿನ ಆಂಡಿ ಅರ್ವಿನ್ ಅದನ್ನು ಮಾಡಿ ತೋರಿಸಿದ್ದರು. ಅವರಿಬ್ಬರಿಗೆ ಅದು ಸಮಯ ಬಂದಾಗ ಬಳಸುವ ಅಸ್ತ್ರ. ಬ್ಲಾಂಕೊ ಅದನ್ನೇ ನಿತ್ಯದ ಆಟವಾಗಿಸಿದರು. ಕಪ್‌ಗಳನ್ನಷ್ಟೇ ಎಣಿಸಿದರೆ ಅವರ ಸಾಧನೆ ಅಪೂರ್ಣ. ಆದರೆ ಸ್ವಂತ ಗೋಲ್ ಗೆರೆಯಿಂದಲೂ ಗೆಲುವಿಗಾಗಿ ಆಡಬಹುದೆಂದು ಅವರಷ್ಟು ಮನದಟ್ಟು ಮಾಡಿದವರು ವಿರಳ.