ಮನೆಮಾತಿನ ಮೂರು ಪ್ರಶ್ನೆಗಳು

ಅಮೆರಿಕದ ಜನಗಣತಿಯವರು 1980ರಿಂದೀಚೆಗೆ ಭಾಷೆಯ ವಿಷಯವಾಗಿ ಕೇಳುತ್ತ ಬಂದಿರುವ ಪ್ರಶ್ನೆಗಳು ಮೂರೇ ಮೂರು: ಈ ವ್ಯಕ್ತಿ ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆಯನ್ನಾಡುವುದುಂಟೆ, ಉಂಟಾದರೆ ಅದು ಯಾವುದು, ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಆಡಬಲ್ಲರು. ಕಡೆಯದಕ್ಕೆ ನಾಲ್ಕು ಚೌಕಗಳು: ಬಹಳ ಚೆನ್ನಾಗಿ, ಚೆನ್ನಾಗಿ, ಅಷ್ಟು ಚೆನ್ನಾಗಿ ಇಲ್ಲ, ಏನೂ ಇಲ್ಲ. ನೋಟಕ್ಕೆ ಸಾಧುವಾದ ಈ ಪ್ರಶ್ನಾವಳಿಯ ಗುಣದೋಷಗಳನ್ನು ತೂಗಬೇಕಾದರೆ, ಕೋಟಿಗಳ ಮೊತ್ತವನ್ನು ಬದಿಗಿರಿಸಿ ಸಣ್ಣದೊಂದು ಊರಿನ ಕೋಷ್ಟಕವನ್ನು ಕೈಗೆತ್ತಿಕೊಳ್ಳುವುದು ಲೇಸು.

ನ್ಯೂಯಾರ್ಕ್ ರಾಜ್ಯದ ಆರೆಂಜ್ ಕೌಂಟಿಯಲ್ಲಿ ಸತ್ಮಾರ್ ಪಂಥದ ಹಸೀದಿ ಯೆಹೂದ್ಯರು ಕಟ್ಟಿಕೊಂಡ ಕಿರ್ಯಾಸ್ ಜೋಯೆಲ್ ಎಂಬ ಊರಿನಲ್ಲಿ 2000ದ ಗಣತಿಯ ಕಾಲಕ್ಕೆ 13,000 ಜನರಿದ್ದರು. ನೂರಕ್ಕೆ ಸುಮಾರು 90 ಮಂದಿಗೆ ಮನೆಮಾತು ಯಿಡ್ಡಿಷ್. ಅವರಲ್ಲಿ ಅರ್ಧಕ್ಕೆ ಸಮೀಪದವರು ಇಂಗ್ಲಿಷಿನಲ್ಲಿ ದುರ್ಬಲರೆಂದು ನಮೂದಾಗಿದ್ದರು. ಇವರು ನಿನ್ನೆ ಮೊನ್ನೆ ಹಡಗಿಳಿದವರಲ್ಲ. ಬಹುಪಾಲು ಅಮೆರಿಕದಲ್ಲಿಯೇ ಹುಟ್ಟಿದವರು. ಹೀಬ್ರೂ ಮತ್ತು ಅರಾಮಿಕ್ ಭಾಷೆಗಳ ಗ್ರಂಥವನ್ನು ಮುಂದಿಟ್ಟುಕೊಂಡು, ಅದರ ಸಾಲುಸಾಲನ್ನೂ ಯಿಡ್ಡಿಷಿನಲ್ಲಿ ಬಿಡಿಸಿ ಹೇಳುತ್ತ ದಿನವೆಲ್ಲ ವಾದಿಸಬಲ್ಲ ಹುಡುಗನು, ಗಣತಿಯ ದೃಷ್ಟಿಯಲ್ಲಿ ಮೂರು ಭಾಷೆಗಳನ್ನು ಬಲ್ಲವನಾಗಿ ಅಲ್ಲ, ಒಂದನ್ನು ಅರಿಯದವನಾಗಿಯೇ ನಿಲ್ಲುತ್ತಾನೆ. ಮನೆಯಲ್ಲಿ ಇಂಗ್ಲಿಷೊಂದನ್ನೇ ಆಡುವವನಿಗಾದರೋ ಮೂರನೆಯ ಪ್ರಶ್ನೆಯೇ ಇಲ್ಲ. ಅವನ ಇಂಗ್ಲಿಷು ಹೇಗಿದ್ದರೂ ಪರೀಕ್ಷೆಗೆ ಅತೀತ! ಈ ಪಕ್ಷಪಾತವೇ ನನಗೆ ಎಲ್ಲಕ್ಕಿಂತ ದೊಡ್ಡ ದೋಷವಾಗಿ ಕಾಣುತ್ತದೆ.

ಈ ಊರು 2019ರಲ್ಲಿ ಪಾಮ್ ಟ್ರೀ ಎಂಬ ಪ್ರತ್ಯೇಕ ಪಟ್ಟಣವಾಯಿತು. ಪಂಥದ ಗುರು ಜೋಯೆಲ್ ಟೈಟೆಲ್‌ಬಾಮರ ಮನೆತನದ ಹೆಸರಿಗೆ ಖರ್ಜೂರದ ಮರವೆಂದು ಅರ್ಥ. ಮನೆಯೊಳಗೆ ಇಂಗ್ಲಿಷಿಗೆ ಮಣೆ ಹಾಕದವರು ಗುರುವಿನ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿ ಪಟ್ಟಣಕ್ಕಿಟ್ಟರು. ಇಂಥ ಜಾಣ್ಮೆಗೆ ಯಾವ ಚೌಕದಲ್ಲಿ ಗುರುತು ಹಾಕುವುದು?

ಈ ಪ್ರಶ್ನಾವಳಿಗೆ ಗುಣವಿಲ್ಲವೆನ್ನಲಾಗದು. 1975ರ ತಿದ್ದುಪಡಿಯ ತರುವಾಯ ಮತದಾನದ ಹಕ್ಕಿನ ಕಾಯಿದೆಯು ಪರಭಾಷೆಗಳಲ್ಲಿಯೂ ಮತಪತ್ರ ಒದಗಿಸುವಂತೆ ವಿಧಿಸಿದುದಕ್ಕೆ ಇಂಥ ಅಂಕಿಗಳೇ ಆಧಾರ. ಆದರೆ ಆ ಕಾಯಿದೆ ಹೆಸರಿಸುವುದು ಸ್ಪ್ಯಾನಿಷ್ ಪರಂಪರೆಯವರನ್ನು, ಏಷ್ಯನ್ನರನ್ನು, ಅಲಾಸ್ಕದವರೂ ಸೇರಿದಂತೆ ಮೂಲನಿವಾಸಿಗಳನ್ನು ಮಾತ್ರ. ಯಿಡ್ಡಿಷಿನವರು ಎಣಿಕೆಗೆ ಸಿಕ್ಕರು, ಸವಲತ್ತಿಗೆ ಸಿಗಲಿಲ್ಲ.

ಇನ್ನು ನಮ್ಮವರ ಪಾಡು. ಇತ್ತೀಚಿನ ಕೋಷ್ಟಕಗಳಲ್ಲಿ ತಮಿಳಿಗೂ ತೆಲುಗಿಗೂ ಪ್ರತ್ಯೇಕ ಸಾಲುಗಳಿದ್ದರೆ, ಕನ್ನಡವು ‘ಮಲಯಾಳ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂಬ ಒಟ್ಟುಪಂಕ್ತಿಯಲ್ಲಿ ಕುಳಿತಿದೆ. ಅಜ್ಜಿಯೊಡನೆ ತುಳು, ಹೆಂಡತಿಯೊಡನೆ ಕನ್ನಡ, ಮಗಳೊಡನೆ ಎರಡನ್ನೂ ಬೆರೆಸಿದ ಇಂಗ್ಲಿಷು ಆಡುವ ಗೃಹಸ್ಥನು, ಒಂದೇ ಭಾಷೆಗೆ ಎಡೆಯಿರುವ ಖಾಲಿಗೆರೆಯ ಮೇಲೆ ಲೇಖನಿಯನ್ನೂರಿ, ಮೊದಲು ಯಾರ ಕಡೆ ನೋಡಿಯಾನು?